ಕೊನೆಯವನ ಹಿಂದೆ

೧೩ ಅಕ್ಟೋಬರ್ ೨೦೨೫, ಸೋಮವಾರ

ಈ ಡೈರಿ ವಿಮೆ ಕಂಪನಿಯವರು ಏಜೆಂಟರಿಗೆಲ್ಲ ಜನವರಿಯಲ್ಲಿ ಹಂಚಿದ್ದು. ಇಷ್ಟು ದಿನ ಇದರಲ್ಲಿ ಬರೆಯುವಂಥದ್ದು ನನ್ನ ಬದುಕಿನಲ್ಲಿ ಏನೂ ಆಗಲಿಲ್ಲ. ನಿನ್ನೆ ಆಯಿತು. ಹೆಂಡತಿ ಮಹೇಶ್ವರಿಗೆ ಹೇಳಿದರೆ ನನ್ನ ಶೂ ಬಚ್ಚಿಡುತ್ತಾಳೆ. ಯಂಕೇಶನಿಗೆ ಹೇಳಿದರೆ ಅವನ ಟೈರ್ ಅಂಗಡಿಗೆ ಬರುವ ಪ್ರತಿ ಪಂಕ್ಚರ್ ಗಿರಾಕಿಗೂ ಸುದ್ದಿ ಮುಟ್ಟುತ್ತದೆ. ಅನ್ನಪೂರ್ಣಳಿಗಂತೂ ಹೇಳುವ ಹಾಗೇ ಇಲ್ಲ. ಅದಕ್ಕೆ ಇಲ್ಲಿ.

ನಿನ್ನೆ ಭಾನುವಾರದ ಓಟಕ್ಕೆ ಎಂದಿನಂತೆ ಮೂವರೂ ಯಂಕೇಶನ ಗೂಡ್ಸ್ ಗಾಡಿಯಲ್ಲಿ ಗಂಗಾವತಿಯಿಂದ ಇರಕಲ್ಲಗಡದ ಗುಡ್ಡಕ್ಕೆ ಹೋಗಿದ್ದೆವು. ಯಂಕೇಶ ಮುಂದೆ, ನಡುವೆ ಅನ್ನಪೂರ್ಣ, ಕೊನೆಗೆ ನಾನು. ನಲವತ್ತಾರರ ವಯಸ್ಸಿಗೂ ಅದಕ್ಕೆ ತಕ್ಕ ಹೊಟ್ಟೆಗೂ ಕೊನೆಯ ಜಾಗ ಸರಿಯಾಗಿ ಹೊಂದುತ್ತದೆ. ನಾವು ಸೀತಾಫಲದ ಸಂದು ಎಂದು ಕರೆಯುವ ಒಂದು ಇಕ್ಕಟ್ಟು ದಾರಿ ಇದೆ, ಎರಡೂ ಕಡೆ ಬಂಡೆ, ನಡುವೆ ಕಾಡು ಸೀತಾಫಲದ ಪೊದೆ. ಅಲ್ಲಿ ನನಗೆ ಒಂದಕ್ಕೆ ಅವಸರವಾಯಿತು. ಅವರಿಬ್ಬರೂ ತಿರುವು ದಾಟಿದ್ದರು. ಒಂದು ಕರಿ ಬಂಡೆ ನೋಡಿ ಅದರ ಮುಂದೆ ನಿಂತೆ. ಇನ್ನೂ ಅರ್ಧ ಆಗಿತ್ತು. ಬಂಡೆ ಎದ್ದಿತು.

ಎದ್ದು ನಿಂತಾಗ ನನ್ನಷ್ಟೇ ಎತ್ತರ. ಎದೆಯ ಮೇಲೆ ಬೆಳ್ಳಗಿನ ಗುರುತು. ಮೂತಿಗೆ ಸೀತಾಫಲದ ತಿರುಳು ಮೆತ್ತಿತ್ತು. ಉಗುರುಗಳು ಒಂದೊಂದೂ ನನ್ನ ಬೆರಳಿನುದ್ದ. ಮೂಗಿನಿಂದ ಒಂದು ಸದ್ದು ಮಾಡಿತು, ನಮ್ಮ ಮ್ಯಾನೇಜರು ಈ ತಿಂಗಳ ಟಾರ್ಗೆಟ್ ಕೇಳುವ ಮೊದಲು ಮಾಡುವಂಥದ್ದು. ನಾನು ಕೂಗಲಿಲ್ಲ, ಗಂಟಲಿರಲಿಲ್ಲ. ಓಡಲಿಲ್ಲ, ಕಾಲಿರಲಿಲ್ಲ. ಅದು ನನ್ನನ್ನು ನೋಡಿತು, ನೋಡಿಯೇ ನೋಡಿತು, ಆಮೇಲೆ ತಿರುಗಿ ಪೊದೆಯೊಳಗೆ ಹೋಯಿತು. ಪೊದೆ ಅಲುಗುವುದು ನಿಂತ ಮೇಲೂ ನಾನು ಅಲುಗುತ್ತಿದ್ದೆ.

ಆ ಗುಡ್ಡದಲ್ಲಿ ಕರಡಿ ಇವೆಯೆಂದು ಕೂಸಿಗೂ ಗೊತ್ತು. ಆದರೆ ಇವೆಯೆಂದು ಗೊತ್ತಿರುವುದು ಬೇರೆ, ಎದ್ದು ನಿಲ್ಲುವುದು ಬೇರೆ.

ಕೆಳಗೆ ಕಾಯುತ್ತಿದ್ದವರಿಗೆ "ಹೊಟ್ಟಿ ಹಿಡೀತು" ಎಂದೆ. ಎದೆಯೊಳಗೊಂದು ಡೊಳ್ಳು, ಬಾಯೊಳಗೆಲ್ಲ ಸುಳ್ಳು.

"ಇಷ್ಟ ದಿನಾ ನೀ ಹೊಟ್ಟಿ ಹಿಡಕೊಂಡು ಓಡ್ತಿದ್ದಿ ಅಣ್ಣಾ, ಇವತ್ತ ಅದು ನಿನ್ನ ಹಿಡೀತೇನು?" ಎಂದು ಯಂಕೇಶ ನಕ್ಕ. ಅನ್ನಪೂರ್ಣ ನಗಲಿಲ್ಲ. ನನ್ನ ಮುಖ ನೋಡಿ ನೀರಿನ ಬಾಟಲಿ ಕೊಟ್ಟಳು.

ಅವಳಿಗೆ ಯಾಕೆ ಹೇಳುವ ಹಾಗಿಲ್ಲ ಎಂದರೆ, ಅವಳ ಓಟ ನಿಂತಿರುವುದೇ ನನ್ನ ಮೇಲೆ. ಹಳ್ಳಿ ಆರೋಗ್ಯ ಕೇಂದ್ರದಲ್ಲಿ ನರ್ಸು, ಗಂಡ ಪರಮೇಶ ಲಾರಿ ಮೇಲೆ ತಿಂಗಳಲ್ಲಿ ಇಪ್ಪತ್ತು ದಿನ ಹೊರಗೆ. ಮನೆಯಲ್ಲಿ ಅತ್ತೆ ದುರಗಮ್ಮನ ಮಾತೇ ಮಾತು. ಮೂರು ವರ್ಷದ ಕೆಳಗೆ ಆಕೆ ಹಾಕಿದ ಕರಾರು ಒಂದೇ: "ಗೋವಿಂದರಾಜ ಹಿಂದ ಇದ್ರ ಕಳಸ್ತೀನಿ, ಇಲ್ಲಂದ್ರ ಇಲ್ಲ." ನಾನು ಆ ಮನೆಯವರಿಗೆಲ್ಲ ಪಾಲಿಸಿ ಮಾಡಿಸಿದವನು, ಹುಟ್ಟಿದ ದಿನಕ್ಕೆ ಎರಡು ಸಾಲು ಪ್ರಾಸ ಕಟ್ಟಿ ಕಳಿಸುವವನು ("ಹುಟ್ಟಿದ ದಿನಕೆ ಹೋಳಿಗೆ ತಿನ್ನಿ, ಕಟ್ಟುವ ಕಂತನು ಮರೆಯದೆ ಬನ್ನಿ"), ಅಂದಮೇಲೆ ನಂಬಿಗಸ್ತ. ಡಿಸೆಂಬರ್ ಹದಿನಾಲ್ಕಕ್ಕೆ ಕೊಪ್ಪಳದ ಕೆಲವು ಹುಡುಗರು ಅದೇ ಗುಡ್ಡದಲ್ಲಿ ಮೂವತ್ತು ಕಿಲೋಮೀಟರಿನ ಓಟದ ಪಂದ್ಯ ಇಟ್ಟಿದ್ದಾರೆ. ಅನ್ನಪೂರ್ಣ ವರ್ಷವಿಡೀ ಅದರದೇ ತಯಾರಿಯಲ್ಲಿದ್ದಾಳೆ. ನಾನು ಹೋಗದಿದ್ದರೆ ಅವಳೂ ಹೋಗುವಂತಿಲ್ಲ.

ನಾನು ಹೋಗಲಾರೆ. ಇದನ್ನು ಬರೆಯುವಾಗಲೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಟ್ಟುಕೊಂಡಿದ್ದೇನೆ.

೧೫ ಅಕ್ಟೋಬರ್, ಬುಧವಾರ

ಜಗತ್ತಿನಲ್ಲಿ ಇಷ್ಟು ಕಪ್ಪು ಇದೆಯೆಂದು ಗೊತ್ತಿರಲಿಲ್ಲ. ಓಣಿಯ ತುದಿಯ ಎಮ್ಮೆ. ಮಾಳಿಗೆ ಮೇಲಿನ ನೀರಿನ ಟ್ಯಾಂಕು. ರೈಸ್ ಮಿಲ್ಲಿನ ಗೋಡೆಗೆ ಒರಗಿಸಿದ ಡಾಂಬರಿನ ಡ್ರಮ್ಮು. ಬೆಳಗ್ಗೆ ಮಹೇಶ್ವರಿ ಕಂಬಳಿ ಹೊದ್ದು ಹಿತ್ತಿಲಿನಿಂದ ಬಂದಳು, ನಾನು ಅಯ್ಯೋ ಎಂದೆ.

"ಇಪ್ಪತ್ತ ವರ್ಷ ಆದಮ್ಯಾಲ ಗೊತ್ತಾತೇನ್ರಿ?" ಎಂದಳು.

೧೯ ಅಕ್ಟೋಬರ್, ಭಾನುವಾರ

ಹೋಗಲಿಲ್ಲ. ದೀಪಾವಳಿಗೆ ಮನೆ ತೊಳೆಯಬೇಕು ಎಂದು ಯಂಕೇಶನಿಗೆ ಫೋನು ಮಾಡಿದೆ. ಮಾತಿಗೆ ತಕ್ಕಂತೆ ತೊಳೆದೂ ತೊಳೆದೆ. ಮಹೇಶ್ವರಿ ನನ್ನ ಹಣೆ ಮುಟ್ಟಿ ನೋಡಿದಳು.

ಸಂಜೆ ಅನ್ನಪೂರ್ಣಳ ಮನೆ ಮುಂದೆ ಹಾದುಹೋದೆ. ಕಂಪೌಂಡ್ ಗೋಡೆಯ ಮೇಲೆ ಅವಳ ಶೂ ತೊಳೆದು ಒಣಗಲು ಇಟ್ಟಿದ್ದಳು. ಇವತ್ತು ತೊಳೆಯುವಂಥ ಮಣ್ಣು ಅದಕ್ಕೆ ಎಲ್ಲಿಂದ ಬರಬೇಕು? ಯಂಕೇಶನೊಬ್ಬನೇ ಹೋಗಿಬಂದನಂತೆ.

ಬೇಗ ಬೇಗ ನಡೆದು ಮನೆಗೆ ಬಂದೆ.

೨೩ ಅಕ್ಟೋಬರ್, ಗುರುವಾರ

ಕರಡಿ ಎರಗುವುದು ಬೆಚ್ಚಿಬಿದ್ದಾಗಂತೆ. ದೂರದಿಂದಲೇ ಸದ್ದು ಕೇಳಿದರೆ ತಾನೇ ಸರಿದು ಹೋಗುತ್ತದಂತೆ. ಎಲ್ಲೋ ಓದಿದೆ. ಹಬ್ಬದಲ್ಲಿ ಉಳಿದ ಪಟಾಕಿ ಒಯ್ಯೋಣವೆಂದರೆ ಅರಣ್ಯ ಇಲಾಖೆಯವರು ನನ್ನನ್ನೇ ಹಿಡಿದಾರು. ಗಂಗಾವತಿ ಬಜಾರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಹಿತ್ತಾಳೆ ಗಂಟೆ ಸಿಕ್ಕಿತು. ಸೊಂಟಕ್ಕೆ ಕಟ್ಟಿ ಅಂಗಳದಲ್ಲಿ ಓಡಿ ನೋಡಿದೆ. ಛಲೋ ನಾದ. ಪಕ್ಕದ ಮನೆಯವರು ಐಸ್‌ಕ್ರೀಮ್ ಗಾಡಿ ಎಂದು ಹೊರಗೆ ಬಂದರು.

೨೬ ಅಕ್ಟೋಬರ್, ಭಾನುವಾರ

ಹೋದೆ. ಹೋಗಿಬಂದದ್ದನ್ನು ಯಾರಿಗೂ ಹೇಳುವಂತಿಲ್ಲ, ಏಕೆಂದರೆ ಈಗಾಗಲೇ ಎಲ್ಲರಿಗೂ ಗೊತ್ತು.

ಗಂಟೆ ಕಟ್ಟಿಕೊಂಡು ಗುಡ್ಡದ ಬುಡದಿಂದ ಹೊರಟೆ. ಮೊದಲ ಏರು ಏರುವತನಕ ಧೈರ್ಯವಿತ್ತು. ಆಮೇಲೆ ಹಿಂದೆ ಸದ್ದು. ಮೊದಲು ಒಂದು ಕಲ್ಲು ಉರುಳಿತು. ನಿಂತೆ, ಅದೂ ನಿಂತಿತು. ಓಡಿದೆ, ಅದೂ ಓಡಿತು. ಒಂದಲ್ಲ, ಪೊದೆಯ ಎರಡೂ ಕಡೆಯಿಂದ ತರಗೆಲೆ ತುಳಿಯುವ ಸಪ್ಪಳ, ಬುಸುಬುಸು ಉಸಿರು. ತಿರುಗಿ ನೋಡುವ ಶಕ್ತಿ ಕುತ್ತಿಗೆಗೆ ಇರಲಿಲ್ಲ. ಅನ್ನಪೂರ್ಣಳನ್ನು ದಾಟಿದೆ. ಯಂಕೇಶನನ್ನು ದಾಟಿದೆ. ಮೂರು ವರ್ಷದಲ್ಲಿ ಅವನ ಮುಖವನ್ನು ಓಡುತ್ತಾ ನೋಡಿದ್ದು ಅದೇ ಮೊದಲು.

"ಅಣ್ಣಾ! ನಿಂದ್ರೊ! ಆಡು! ಆಡು ಅವು!"

ಸುಮಾರು ಅರವತ್ತು ಆಡು. ನಾನು ನಿಂತ ಕೂಡಲೆ ಅವೂ ನಿಂತು, ಮುಂದೇನು ಅಪ್ಪಣೆ ಎಂಬಂತೆ ನನ್ನನ್ನು ನೋಡಿದವು. ಕೆಳಗಿನಿಂದ ಆಡು ಕಾಯುವವನು ಏದುತ್ತಾ ಬಂದ. ಹೆಸರು ಕಳಕಪ್ಪನಂತೆ.

"ಏ ಯಜಮಾನ್ರ, ನನ್ನ ಆಡು ಎಲ್ಲಿಗಿ ಹೊಡಕೊಂಡು ಹೊಂಟೀರಿ?"

"ನಾ ಹೊಡಕೊಂಡು ಹೋಗಿಲ್ಲಪಾ, ಅವ ನನ್ನ ಹೊಡಕೊಂಡು ಬಂದಾವು."

"ಮತ್ತ ನಡಕ್ಕ ಹೋತದ ಗಂಟಿ ಕಟಗೊಂಡೀರಲ್ಲ! ಗಂಟಿ ಹೋದ ಕಡೆ ಅವು ಬರ್ತಾವ. ಬಿಚ್ರಿ ಮೊದಲ."

ಬಿಚ್ಚಿದೆ. ಯಂಕೇಶ ಕೆಳಗೆ ಕುಳಿತು ಹೊಟ್ಟೆ ಹಿಡಿದು ನಗುತ್ತಿದ್ದ. "ಗಂಟಿ ಕಟ್ಟಿದ ಗೋವಿಂದ, ಆಡಿನ ಹಿಂಡಿಗೆ ಆನಂದ!" ಎಂದು ಹಾಡಿದ. ಪ್ರಾಸ ಕೆಟ್ಟದ್ದಿಲ್ಲ. ನನ್ನ ಸಂಗದ ಫಲ.

ಅನ್ನಪೂರ್ಣ ನನ್ನ ಕೈಯನ್ನು ನೋಡುತ್ತಿದ್ದಳು. ಗಂಟೆ ಹಿಡಿದ ಕೈ ನಡುಗಿ ಗಂಟೆ ತಾನಾಗಿಯೇ ಬಾರಿಸಿಕೊಳ್ಳುತ್ತಿತ್ತು.

೪ ನವೆಂಬರ್, ಮಂಗಳವಾರ

ಇವತ್ತು ನೋಡಿದ್ದನ್ನು ಬರೆಯಬಾರದು ಎಂದುಕೊಂಡೆ. ಬರೆಯದಿದ್ದರೆ ಕಣ್ಣಿನಿಂದ ಹೋಗುವುದಿಲ್ಲ.

ಯಲಬುರ್ಗಾ ಕಡೆಯ ಹಳ್ಳಿಯ ಹುಚ್ಚೀರಪ್ಪ ನನ್ನ ಪಾಲಿಸಿದಾರ. ನಸುಕಿನಲ್ಲಿ ಹೊಲಕ್ಕೆ ಹೋದಾಗ ಕರಡಿ ಹಿಡಿದಿದೆ. ಕೊಪ್ಪಳದ ಆಸ್ಪತ್ರೆಗೆ ಕಾಗದಪತ್ರಕ್ಕೆಂದು ಹೋದೆ. ಬಲಗಡೆಯ ಮುಖಕ್ಕೆಲ್ಲ ಹೊಲಿಗೆ. ಕಣ್ಣು ಉಳಿದಿದೆ, ರೆಪ್ಪೆ ಇಲ್ಲ. ಫಾರಂ ತುಂಬುವಾಗ ನಾನು ಎಡಗಡೆಯನ್ನೇ ನೋಡುತ್ತಿದ್ದೆ. ಅವನಿಗೆ ಅದು ತಿಳಿಯಿತು.

"ಮೊದಲ ವಾಸನಿ ಬಂತ್ರಿ ಸಾಹೇಬ್ರ," ಎಂದ, ತುಟಿ ಪೂರಾ ತೆರೆಯದೆ. "ತೊಯ್ದ ಕಂಬಳಿ, ಅದರಾಗ ಹುಳಿತ ಹಣ್ಣು ಕಟ್ಟಿಟ್ಟಂಗ. ಏನಿದು ಅಂತ ನಿಂತೆ. ನಿಲ್ಲಬಾರದಿತ್ತು, ಇಲ್ಲಾ ಒದರಬೇಕಿತ್ತು. ಎರಡೂ ಆಗ್ಲಿಲ್ಲ."

ಹೆಂಡತಿ ಯಮನೂರಮ್ಮ ಹಾಸಿಗೆಯ ಹತ್ತಿರ ಕೂತು ಅವನ ಉಗುರು ಕತ್ತರಿಸುತ್ತಿದ್ದಳು. ಮಾಡಲು ಬೇರೆ ಕೆಲಸವಿಲ್ಲದೆ.

ಬಸ್ಸಿನಲ್ಲಿ ಪಕ್ಕದವನು ಪೇರಲಹಣ್ಣು ತಿಂದ. ನಾನು ಎದ್ದು ಮುಂದಿನ ಸೀಟಿಗೆ ಹೋದೆ.

ಇವತ್ತು ಪ್ರಾಸ ಇಲ್ಲ.

೯ ನವೆಂಬರ್, ಭಾನುವಾರ

ಹೋಗುವುದಿಲ್ಲ ಎಂದು ನಿರ್ಧರಿಸಿಯೇ ಎದ್ದೆ. ಯಂಕೇಶನ ಗಾಡಿ ಹಾರನ್ ಹೊಡೆಯಿತು. ಒಳಗೆ ಕೂತ ಅನ್ನಪೂರ್ಣ ಬಾಗಿಲು ತೆಗೆದು ಹಿಡಿದಿದ್ದಳು. ಹಣೆಗೆ ಕುಂಕುಮ, ಕಾಲಿಗೆ ಗುಲಾಬಿ ಕಾಲುಚೀಲ, ಮಡಿಲಲ್ಲಿ ನನಗೂ ಸೇರಿ ಡಬ್ಬಿ. ಹತ್ತಿದೆ. ಬೇರೆ ಏನು ಮಾಡಲಿ?

ಗುಡ್ಡದಲ್ಲಿ ಮಂಜು. ಹತ್ತು ಮಾರು ಆಚೆ ಏನೂ ಕಾಣದು. ಸೀತಾಫಲದ ಸಂದು ಇನ್ನೂ ಬಹಳ ದೂರ ಇರುವಾಗಲೇ ವಾಸನೆ ಬಂತು. ತೊಯ್ದ ಕಂಬಳಿ, ಹುಳಿತ ಹಣ್ಣು. ಖಂಡಿತ ಬಂತು. ಅಥವಾ ನನ್ನದೇ ಬೆವರೋ. ಬೆನ್ನಿನ ಚರ್ಮ ಒಂದೇ ಸವನೆ ಮುದುಡಿಕೊಳ್ಳುತ್ತಿತ್ತು. ಮುಂದಿರುವವರ ಹಿಂದೆ ನಾನಿದ್ದೇನೆ, ನನ್ನ ಹಿಂದೆ ಯಾರಿದ್ದಾರೆ? ಈ ಪ್ರಶ್ನೆಯನ್ನು ಮೂರು ವರ್ಷ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಈಗ ಹೆಜ್ಜೆಗೊಮ್ಮೆ ಕೇಳುತ್ತಿದ್ದೆ.

ಮುಂದೆ ಮಂಜಿನಲ್ಲಿ ಎರಡು ಗುಲಾಬಿ ಹಿಮ್ಮಡಿ ಏಳುತ್ತ ಬೀಳುತ್ತ ಇದ್ದವು. ಅವನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಪುಣ್ಯಕ್ಕೆ ಅವಳು ಇವತ್ತು ದೊಡ್ಡ ದನಿಯಲ್ಲಿ ಹಾಡುತ್ತಿದ್ದಳು. ಯಾವ ಹಾಡು ತಿಳಿಯಲಿಲ್ಲ. ಅವಳ ದನಿ ಹಾಗಿದೆ. ಸಂದು ದಾಟಿದ್ದು ಗೊತ್ತಾಗಲಿಲ್ಲ.

ಇರಕಲ್ಲಗಡದ ಹೋಟೆಲ್ಲಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಂದಿಟ್ಟರು. ಗೋಡೆಗೆ ಬೆನ್ನು ಹಚ್ಚಿ ಕೂತು ತಿಂದೆ.

೧೬ ನವೆಂಬರ್, ಭಾನುವಾರ

ಹೋದೆವು. ಅಂಜಿಕೆ ಹಾಗೇ ಇದೆ, ಒಂದು ಗುಂಜಿಯೂ ಇಳಿದಿಲ್ಲ.

ಅನ್ನಪೂರ್ಣಳ ಬಗ್ಗೆ ಎರಡು ಮಾತು ಬರೆದಿಡಬೇಕು. ಪಂದ್ಯಕ್ಕೆ ತಿಂಗಳೂ ಉಳಿದಿಲ್ಲ, ಹುಡುಗಿ ಸಡಿಲಾಗುತ್ತಿದ್ದಾಳೆ. ಮೊದಲು ಜಿಂಕೆಯ ಹಾಗೆ ಹೋಗಿ ತುದಿಯಲ್ಲಿ ಕಾಯುತ್ತಿದ್ದಳು. ಈಗ ತಿರುವು ತಿರುವಿಗೆ ಕೂತು ಲೇಸು ಕಟ್ಟುತ್ತಾಳೆ. ಹಾಡುವ ಚಟ ಬೇರೆ ಅಂಟಿದೆ, ಓಡುವಾಗ ಉಸಿರು ಎಷ್ಟು ಹಾಳು! ಇಳಿದ ಮೇಲೆ ಹೋಟೆಲ್ಲಿನಲ್ಲಿ ಹಿರಿಯನಾಗಿ ಹೇಳಿದೆ.

"ನೋಡವ್ವಾ, ಶಿಸ್ತು ಬೇಕು. ಲೇಸು ಮನಿಯಾಗ ಎರಡ ಗಂಟು ಹಾಕ್ಕೊಂಡು ಬಾ."

"ಹೂಂರಿ ಕಾಕಾ."

"ಹಾಡು ಪಂದ್ಯ ಮುಗದಮ್ಯಾಲ ಹಾಡು."

"ಹೂಂರಿ ಕಾಕಾ."

ಯಂಕೇಶ ಏನೋ ಹೇಳಲು ಬಾಯಿ ತೆರೆದ. ಅವಳು ಅವನತ್ತ ನೋಡಿದಳು. ಬಾಯಿಗೆ ಮಿರ್ಚಿ ತುರುಕಿಕೊಂಡ.

೨೩ ನವೆಂಬರ್, ಭಾನುವಾರ

ಮತ್ತೆ ಲೇಸು. ಮತ್ತೆ ಹಾಡು. ಹೇಳಿದ್ದು ಗಾಳಿಗೆ.

ಹಳ್ಳದ ಹತ್ತಿರ ಮಣ್ಣು ಕೆದರಿತ್ತು, ಹುತ್ತವೊಂದು ಒಡೆದಿತ್ತು. ಹೊಸ ಕೆದರು, ಕರಡಿ ಗೆದ್ದಲು ಹುಡುಕಿದ್ದು. ಅದನ್ನು ಹಾರಿ ದಾಟಿದೆ. ಹಾಗೇ ಓಡಿದೆ. ಮುಂದಿನವರಿಗೆ ಮೆಡಲು, ಹಿಂದಿನವನಿಗೆ ದಿಗಿಲು.

೨೭ ನವೆಂಬರ್, ಗುರುವಾರ

ಹುಚ್ಚೀರಪ್ಪನ ಸುದ್ದಿ ಕೊನೆಗೂ ದುರಗಮ್ಮನ ಕಿವಿ ಮುಟ್ಟಿದೆ. ಮಧ್ಯಾಹ್ನ ಕರೆಸಿದಳು. ಅಂಗಳದಲ್ಲಿ ಹೊಸ ಭತ್ತ ಹರಡಿ, ಕಾಲಿನಿಂದ ಸಾಲು ಎಳೆಯುತ್ತಿದ್ದಳು. ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ ತಾನು ನಿಂತೇ ಇದ್ದಳು. ಅಡುಗೆ ಮನೆಯಲ್ಲಿ ಅನ್ನಪೂರ್ಣ ಪಾತ್ರೆ ತೊಳೆಯುವ ಸದ್ದು.

"ಖರೇ ಹೇಳು ತಮ್ಮಾ. ಆ ಗುಡ್ಡದಾಗ ಕರಡಿ ಅದಾವೊ ಇಲ್ಲೊ?"

ಪಾತ್ರೆಯ ಸದ್ದು ನಿಂತಿತು.

ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಇನ್ನೆಲ್ಲಿ ತೆರೆಯಬೇಕು? "ಅದಾವ ಯಮ್ಮಾ, ಭಾಳ ಅದಾವ, ಆಕಿನ್ನ ಕಳಸಬ್ಯಾಡ" ಎಂದರೆ ಮುಗಿಯಿತು. ನಾನು ಅಂಜುಬುರುಕನಲ್ಲ, ಜವಾಬ್ದಾರಿಯ ಮನುಷ್ಯ. ಭಾನುವಾರ ಹತ್ತು ಗಂಟೆವರೆಗೆ ಮಲಗಬಹುದು. ಅವಳ ಶೂ ಗೋಡೆಯ ಮೇಲೆ ಒಣಗುತ್ತಿರುತ್ತವೆ.

"ಅದಾವ ಯಮ್ಮಾ," ಎಂದೆ. "ನಾನ ನೋಡೇನಿ."

"ಎಷ್ಟ ದೂರದಿಂದ?"

"ಈಗ ನೀ ನಿಂತೀಯಲ್ಲ, ಅಷ್ಟು."

ದುರಗಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಮುಂದಿನ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. "ಆದ್ರ ಆಕಿ ನಡುವ ಇರ್ತಾಳ. ಹಿಂದಿನಾಂವ ನಾನು."

ಆಕೆ ಸ್ವಲ್ಪ ಹೊತ್ತು ಭತ್ತದಲ್ಲಿ ಹೆಬ್ಬೆರಳು ಆಡಿಸಿದಳು. "ಕರಡಿ ಹಿಂದಿನಾವನ್ನ ಹಿಡೀತಾವೇನು?"

"ಹಿಂದಿನಾವನ್ನೇ ಅಂತಾರ."

"ಹಂಗಾದ್ರ ಅಡ್ಡಿಯಿಲ್ಲ," ಎಂದಳು ದುರಗಮ್ಮ. ಮುಖದಲ್ಲಿ ನಿಜವಾದ ಸಮಾಧಾನವಿತ್ತು. "ಪಂದ್ಯೇದ ದಿನಾ ಹೊಂಟಲ್ಲಿಂದ ಮುಟ್ಟೂತನಕ ನೀ ಆಕಿ ಬೆನ್ನ ಬಿಡಬಾರದು. ಹುಲಿಗೆಮ್ಮನ ಮ್ಯಾಲ ಆಣಿ ಮಾಡು."

ಮಾಡಿದೆ. ಒಳಗೆ ಪಾತ್ರೆಯ ಸದ್ದು ಮತ್ತೆ ಶುರುವಾಯಿತು.

ಮನೆಗೆ ಬರುವಾಗ ಲೆಕ್ಕ ಹಾಕಿದೆ: ನಾನು ಮಾಡಿಸಿದ ಪಾಲಿಸಿಗಳಲ್ಲೆಲ್ಲ ಇದೇ ಅತಿ ಕೆಟ್ಟದ್ದು. ಅಪಾಯವೆಲ್ಲ ಏಜೆಂಟನದೇ.

೧೩ ಡಿಸೆಂಬರ್, ಶನಿವಾರ

ನಾಳೆ.

ಜ್ವರ ಬಂದೀತೇ ಎಂದು ಮೂರು ಸಲ ಥರ್ಮಾಮೀಟರ್ ಇಟ್ಟು ನೋಡಿದೆ. ಜ್ವರವೂ ನನ್ನ ಪರವಾಗಿಲ್ಲ. ಊಟ ಸೇರಲಿಲ್ಲ. ನನ್ನದೇ ಪಾಲಿಸಿ ತೆಗೆದು, ಕಾಡುಪ್ರಾಣಿಯ ವಿಷಯ ಎಲ್ಲಾದರೂ ಇದೆಯೇ ಎಂದು ಸಣ್ಣಕ್ಷರದ ಪುಟಗಳನ್ನೆಲ್ಲ ಓದಿದೆ. ಹದಿನೆಂಟು ವರ್ಷದಿಂದ ಮಾರುತ್ತಿದ್ದೇನೆ, ಓದಿದ್ದು ಇವತ್ತೇ.

"ಯಾಕ್ರಿ, ಎಲ್ಲಿಗಾರ ಹೊಂಟೀರೇನು?" ಎಂದಳು ಮಹೇಶ್ವರಿ.

೧೪ ಡಿಸೆಂಬರ್, ಭಾನುವಾರ

ಸಂಜೆ. ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಓಡುವವರು ನಲವತ್ತು ಜನ ಇದ್ದರು, ಹೆಂಗಸರು ಆರು. ದುರಗಮ್ಮನೂ ಯಂಕೇಶನ ಗಾಡಿಯಲ್ಲೇ ಬಂದು, ಮುಟ್ಟುವ ಜಾಗದಲ್ಲಿ ಚಾಪೆ ಹಾಸಿ ಕೂತಳು. ಯಂಕೇಶ ಹಸಿರು ಬಾವುಟ ಬಿದ್ದ ಕೂಡಲೆ ಮುಂದಿನ ಗುಂಪಿನ ಜೊತೆ ಮಾಯವಾದ. ಅನ್ನಪೂರ್ಣ ಮೊದಲ ಬಯಲಿನಲ್ಲಿ ಹೆಂಗಸರ ಪೈಕಿ ಎರಡನೆಯವಳು, ಅವಳ ಮುಂದೆ ಹೊಸಪೇಟೆಯ ಒಬ್ಬಳು ಹಳದಿ ಅಂಗಿಯವಳು. ನಾನು ಬೆನ್ನು ಬಿಡದೆ ಹೋದೆ. ಬೆನ್ನು ಬಿಡದೆ ಹೋಗಲು ಅವಳು ಎಷ್ಟು ನಿಧಾನವಾಗಬೇಕಿತ್ತು ಎಂದು ಆಗ ತೋಚಲಿಲ್ಲ.

ಗುಡ್ಡ ಏರಿದ ಮೇಲೆ ಜನ ಚದುರಿದರು. ಹಳದಿ ಅಂಗಿ ಕಾಣಿಸುತ್ತಿತ್ತು, ಸಣ್ಣದಾಯಿತು, ಚುಕ್ಕಿಯಾಯಿತು. ಒಬ್ಬೊಬ್ಬರಾಗಿ ಹಿಂದಿನವರೆಲ್ಲ ನಮ್ಮನ್ನು ದಾಟಿದರು, ಉಳಿದ ನಾಲ್ವರು ಹೆಂಗಸರೂ. ಸೀತಾಫಲದ ಸಂದಿನ ಬಾಯಿಗೆ ಬರುವಷ್ಟರಲ್ಲಿ ನಮ್ಮ ಹಿಂದೆ ಯಾರೂ ಇರಲಿಲ್ಲ. ದಾರಿ ತೋರಿಸುವ ಕೆಂಪು ಪಟ್ಟಿ ಬಿಚ್ಚಿಕೊಂಡು ಬರುವ ಹುಡುಗರಷ್ಟೇ, ಅವರೂ ಬಹಳ ಹಿಂದೆ. ಹಣ್ಣಿನ ಕಾಲ ಮುಗಿದು ಸೀತಾಫಲದ ಎಲೆ ಉದುರಿತ್ತು, ಆದರೆ ಬಾರಿಹಣ್ಣಿನ, ಅಂದರೆ ಎಲಚಿಯ, ಕಾಲ ಶುರುವಾಗಿತ್ತು. ದಾರಿಯ ಮೇಲೆ ಬಾರಿಬೀಜ ತುಂಬಿದ ಕರಡಿ ಲದ್ದಿ ಬಿದ್ದಿತ್ತು. ಇನ್ನೂ ಹಸಿ. ನಾನು ನಿಂತುಬಿಟ್ಟೆ.

ಅನ್ನಪೂರ್ಣ ಕೂತು ಲೇಸಿಗೆ ಕೈ ಹಾಕಿದಳು. ನಾನು ಅವಳ ಹತ್ತಿರ ಬಗ್ಗಿದೆ, ಉಸಿರಿಗಾಗಿ. ಆಗ ಕಂಡಿತು.

ಲೇಸು ಬಿಚ್ಚಿರಲಿಲ್ಲ. ಎರಡು ಗಂಟು ಹಾಕಿ, ತುದಿಗಳನ್ನು ಒಳಗೆ ತುರುಕಿತ್ತು. ಸುಮ್ಮನೆ ಬೆರಳು ಆಡಿಸುತ್ತಿದ್ದಳು.

"ಉಸರು ತಗೋರಿ ಕಾಕಾ. ಅವಸರಿಲ್ಲ."

"ಇದು... ಎಲ್ಲಾ ಭಾನುವಾರನೂ ಹಿಂಗ ಏನವ್ವಾ?"

ಅವಳು ತಲೆ ಎತ್ತಲಿಲ್ಲ. "ಹೊಟ್ಟಿ ಹಿಡೀತು ಅಂದ್ರಲ್ಲ ಅವತ್ತ, ನಿಮ್ಮ ಮಾರಿ ನೋಡಿದ್ದೆ. ನಾ ದವಾಖಾನಿಯಾಗ ಇರಾಕಿ ಕಾಕಾ. ಹೊಟ್ಟಿ ಹಿಡದಾವರ ಮಾರಿ ಬ್ಯಾರೆ ಇರ್ತತಿ."

"ಮತ್ತ ಹಾಡು?"

"ನನಗ ಹಾಡಾಕ ಎಲ್ಲಿ ಬರ್ತತ್ರಿ."

ದೂರದಲ್ಲಿ ಹಳದಿ ಚುಕ್ಕಿ ಮುಂದಿನ ಗುಡ್ಡದ ಹೆಗಲನ್ನು ದಾಟುತ್ತಿತ್ತು. ಎರಡು ತಿಂಗಳು ನಾನು ಒಂದು ಹೆಣ್ಣುಮಗಳನ್ನು ಕಾಯುತ್ತಿದ್ದೇನೆಂದು ಬರೆದಿದ್ದೇನೆ. ಹಿಂದಿನ ಪುಟ ತಿರುಗಿಸಿ ಓದಲು ನಾಚಿಕೆ.

"ನೀ ಹೋಗು," ಎಂದೆ.

"ಅತ್ತಿಗೆ ಮಾತು ಕೊಟ್ಟೀರಿ."

"ಮಾತು ನಂದು, ಕಾಲು ನಿಂದು. ಹೋಗು."

"ಹುಲಿಗೆಮ್ಮನ ಆಣಿ ಐತ್ರಿ ಕಾಕಾ! ಮತ್ತ ನೀವೊಬ್ರ... ಇಲ್ಲೆ..." ಹಸಿ ಲದ್ದಿಯತ್ತ ನೋಡಿದಳು.

"ಹುಲಿಗೆಮ್ಮಗ ನಾ ಹೇಳ್ಕೋತೀನಿ. ನಾ ಅಂಜೀನಿ ಅವ್ವಾ, ಖರೇವ. ನೀ ಇದ್ರೂ ಅಂಜತೀನಿ, ಹೋದ್ರೂ ಅಂಜತೀನಿ. ಎರಡೂ ಒಂದ ಆದಮ್ಯಾಲ ನೀ ಯಾಕ ನಿಂದರ್ತಿ? ಹೋಗಂದ್ರ ಹೋಗು!"

ಕೊನೆಯ ಮಾತು ಕೂಗಿಯೇ ಹೇಳಿದೆ. ಅವಳು ಎದ್ದಳು. ತಿರುವಿನಲ್ಲಿ ಒಮ್ಮೆ ಹಿಂದೆ ನೋಡಿದಳು. ನಾನು ಕೈ ಬೀಸಿದೆ. ಆಮೇಲೆ ಅವಳು ಓಡಿದ್ದನ್ನು ನೋಡಬೇಕಿತ್ತು. ಕಲ್ಲಿನಿಂದ ಕಲ್ಲಿಗೆ, ಕಾಲು ನೆಲಕ್ಕೆ ತಾಗಿತೋ ಇಲ್ಲವೋ. ಮೂರು ವರ್ಷದಲ್ಲಿ ನಾನು ಅವಳು ಹೀಗೆ ಓಡುವುದನ್ನು ನೋಡಿಯೇ ಇರಲಿಲ್ಲ.

ಆಮೇಲೆ ಯಾರೂ ಇಲ್ಲ.

ಒಬ್ಬನೇ ನಿಂತ ಮೇಲೆ ಗುಡ್ಡ ದೊಡ್ಡದಾಯಿತು. ಗಾಳಿ ನಿಂತಿತ್ತು. ಮುಂದೆ ಸಂದು, ಕರಿ ಬಂಡೆಗಳು, ಒಂದಾದ ಮೇಲೊಂದು. ಯಾವುದು ಬಂಡೆ ಎಂದು ಹೊರಗಿನಿಂದ ತಿಳಿಯುವಂತಿಲ್ಲ. ವಾಸನೆ ಇತ್ತು. ಈ ಸಲ ನನ್ನದಲ್ಲ. ಹಿಂದಕ್ಕೆ ಹೋಗಿ ಪಟ್ಟಿ ಬಿಚ್ಚುವ ಹುಡುಗರಿಗೆ ಕಾಯಬಹುದಿತ್ತು. ಯಾಕೆ ಕಾಯಲಿಲ್ಲವೋ ಈಗಲೂ ತಿಳಿಯದು. ನಿಂತಲ್ಲಿ ನಿಲ್ಲಲು ಆಗಲಿಲ್ಲ ಅಷ್ಟೇ. ಹುಚ್ಚೀರಪ್ಪ ಹೇಳಿದ್ದ, ನಿಲ್ಲಬಾರದು, ಇಲ್ಲವೇ ಒದರಬೇಕು.

ಒದರಲು ಬಾಯಿ ತೆರೆದೆ. ಒಂದು ಪ್ರಾಸವೂ ಬರಲಿಲ್ಲ. ಜೀವನವಿಡೀ ಕಟ್ಟಿದ್ದೇನೆ, ಒಂದೇ ಒಂದು ಸಾಲು ಬರಬಾರದೇ? ಬಂದದ್ದು ಹೊಟ್ಟೆಪಾಡಿನ ಮಾತು. "ನಮಸ್ಕಾರ್ರೀ!" ಎಂದು ಗುಡ್ಡ ನಡುಗುವಂತೆ ಕೂಗಿದೆ. "ಇದು ಇಪ್ಪತ್ತು ವರ್ಷದ ಪಾಲಿಸಿ! ಐದನೇ ವರ್ಷ ಒಂದಿಷ್ಟು ವಾಪಸ್ ಬರ್ತತಿ!" ಎರಡು ಹೆಜ್ಜೆ. "ಹತ್ತನೇ ವರ್ಷ ಮತ್ತ ಬರ್ತತಿ!" ಇನ್ನೆರಡು. ಗೋಡೆಗಳು ನನ್ನ ಮಾತನ್ನು ನನಗೇ ಮಾರಿದವು. ನಡುವಿನಲ್ಲಿ, ಬಲಗಡೆಯ ಪೊದೆಯಲ್ಲಿ ಏನೋ ಭಾರವಾದದ್ದು ಸರಿಯಿತು. ಕೊಂಬೆ ಮುರಿಯಿತು. ಮ್ಯಾನೇಜರು ಮೂಗಿನಿಂದ ಮಾಡುವ ಆ ಸದ್ದು.

ನಾನು ತಿರುಗಿ ನೋಡಲಿಲ್ಲ. ಬೆವರು ಕಣ್ಣಿಗಿಳಿದು ಉರಿಯಿತು. ಒರೆಸಿಕೊಳ್ಳಲಿಲ್ಲ. "ನಾಮಿನಿ ಹೆಸರು ಹೇಳ್ರಿ!" ಎಂದು ಕೂಗಿದೆ.

ಪೊದೆ ಸದ್ದು ಮಾಡುತ್ತಾ ಮೇಲಕ್ಕೆ, ದೂರಕ್ಕೆ ಹೋಯಿತು.

ಸಂದು ದಾಟಿದ ಮೇಲೆ ಒಂದು ಕಡೆ ಕೂತು ವಾಂತಿ ಮಾಡಿದೆ. ಆಮೇಲೆ ಓಡಿದೆ, ನಡೆದೆ, ಓಡಿದೆ.

ಮುಟ್ಟುವ ಜಾಗದಲ್ಲಿ ಪೆಂಡಾಲ್ ಬಿಚ್ಚುತ್ತಿದ್ದರು. ಅನ್ನಪೂರ್ಣ ಎದುರು ಓಡಿಬಂದು ನನ್ನ ರಟ್ಟೆ ಹಿಡಿದಳು. ಕೊರಳಲ್ಲಿ ಮೆಡಲ್ ಇತ್ತು. ಎರಡನೆಯದು. ಹಳದಿ ಅಂಗಿಯವಳು ಕೂಗಳತೆಯಷ್ಟೇ ಮುಂದಿದ್ದಳಂತೆ. ಚಾಪೆಯ ಮೇಲಿಂದ ದುರಗಮ್ಮ ಎದ್ದಳು.

"ಎಲ್ಲಿತ್ತಪಾ ನಿನ್ನ ಆಣಿ?"

"ಮುರದೆ ಯಮ್ಮಾ."

"ಯಾಕ ಮುರದಿ?"

"ನಾ ಆಕಿನ್ನ ಕಾಯಾಕತ್ತಿದ್ದಿಲ್ಲ. ಆಕಿ ನನ್ನ ಕಾಯಾಕತ್ತಿದ್ಲು. ಎರಡ ತಿಂಗಳಿಂದ. ನಾ ಅಂಜೀನಿ."

ದುರಗಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಸೊಸೆಯ ಕೊರಳಿನ ಮೆಡಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಇದು ಎರಡನೇದಂತ," ಎಂದಳು. "ನಿನ್ನ ಸಲುವಾಗಿ ನಿಂದರದಿದ್ರ ಒಂದನೇದು ಬರ್ತಿತ್ತೊ ಇಲ್ಲೊ?"

"ಬರ್ತಿತ್ತು ಯಮ್ಮಾ."

"ಇನ್ನಮ್ಯಾಲ ನೀ ಆಕಿ ಹಿಂದ ಬರೂದು ಬ್ಯಾಡ. ಆಕಿ ಒಬ್ಬಾಕೀನ ಹೋಗ್ತಾಳ, ಯಂಕ್ಯಾ ಇರ್ತಾನ. ಬರೇ ತಡಾ ಮಾಡ್ತಿ ನೀ!" ಎಂದು ಗದರಿ, ನನ್ನ ಕೈಗೆ ಮಜ್ಜಿಗೆಯ ಲೋಟ ಕೊಟ್ಟಳು. "ಮಂಗಳವಾರ ಹುಲಿಗಿಗೆ ಹೋಗಿ ತಪ್ಪಾತು ಅನ್ನು."

೧೫ ಡಿಸೆಂಬರ್, ಸೋಮವಾರ

ಮೆಟ್ಟಿಲು ಇಳಿಯಲು ಆಗುತ್ತಿಲ್ಲ. ಆದರೂ ಮನಸ್ಸು ಹಗುರ. ಇನ್ನು ನಾನು ಗುಡ್ಡಕ್ಕೆ ಹೋಗಬೇಕಾಗಿಲ್ಲ. ಯಾರ ಓಟವೂ ನನ್ನ ಮೇಲೆ ನಿಂತಿಲ್ಲ. ಬದುಕಿದೆ.

೧೬ ಡಿಸೆಂಬರ್, ಮಂಗಳವಾರ

ಹುಲಿಗಿಗೆ ಹೋಗಿ ಹುಲಿಗೆಮ್ಮನಿಗೆ ಕಾಯಿ ಒಡೆಸಿ ಬಂದೆ. ಜನವೋ ಜನ. ಬಿಸಿಲು.

೨೧ ಡಿಸೆಂಬರ್, ಭಾನುವಾರ

ಅನ್ನಪೂರ್ಣಳಿಗೆ ಡ್ಯೂಟಿ, ಯಂಕೇಶನಿಗೆ ಯಾವುದೋ ಲಾರಿಯ ಟೈರು. ಬೈಕಿನಲ್ಲೇ ಇರಕಲ್ಲಗಡಕ್ಕೆ ಹೋದೆ. ಚಳಿ ಬಹಳ. ಸಂದಿನಲ್ಲಿ ಮೊದಲಿನಂತೆಯೇ ಬೆನ್ನು ಮುದುಡಿತು. ಹೊಸ ಪಿಂಚಣಿ ಯೋಜನೆಯ ವಿವರ ಪೂರ್ತಿ ಕೂಗಿ ಹೇಳಿದೆ, ನಾಳೆ ಕುಷ್ಟಗಿಯ ಗಿರಾಕಿಗೆ ಹೇಳಬೇಕಿತ್ತು, ಬಾಯಿಪಾಠವೂ ಆಯಿತು. ಕಳಕಪ್ಪ ಸಿಕ್ಕಿದ್ದ, ಆಡುಗಳನ್ನು ನನ್ನಿಂದ ದೂರ ಹೊಡೆದುಕೊಂಡು ಹೋದ. ಎಡಗಾಲಿನ ಶೂ ಹೆಬ್ಬೆರಳ ಹತ್ತಿರ ಹರಿದಿದೆ, ಹೊಸದು ತರಬೇಕು. ಬರುವಾಗ ಮಿರ್ಚಿ ಕಟ್ಟಿಸಿಕೊಂಡು ಬಂದೆ. ಎಣ್ಣೆ ಹಳೆಯದು, ಮುಂದಿನ ವಾರ ಆ ಹೋಟೆಲ್ ಬೇಡ.

"ಯಾರ್ಯಾರು ಹೋಗಿದ್ರಿ?" ಎಂದಳು ಮಹೇಶ್ವರಿ, ತಾನೂ ಒಂದು ಮಿರ್ಚಿ ತೆಗೆದುಕೊಳ್ಳುತ್ತಾ.

"ನಾವ," ಎಂದೆ.

"ನಾವ ಅಂದ್ರ?"

ಒಬ್ಬನೇ ಹೋಗಿದ್ದೆನೆಂದರೆ ಶೂ ಬಚ್ಚಿಡುತ್ತಾಳೆ. ಇನ್ನೊಂದು ಮಿರ್ಚಿ ಬಾಯಿಗಿಟ್ಟುಕೊಂಡೆ.